ಮಿಕ್ಕ ಐದು ಕಿಲೋ

ಅಳತೆ-ತೂಕದ ಇನ್ಸ್‌ಪೆಕ್ಟರರು ಬೀದಿಗಿಳಿದರೆ ಅಂಗಡಿಯವರ ಎದೆ ತಕ್ಕಡಿಯ ಮುಳ್ಳಿನಂತೆ ನಡುಗುತ್ತಿತ್ತು. ಆದರೆ ಮನೆಯಲ್ಲಿ ಅವರ ಮಾತಿಗೆ ಮೂರು ಕಾಸಿನ ತೂಕವಿರಲಿಲ್ಲ. ಅಂಥ ತೂಕದ ಮನುಷ್ಯನನ್ನು ಹೆಂಡತಿ ಹಾಲು ತರಲು ಓಡಿಸುತ್ತಿದ್ದಳು, ಮಗಳು ಮೊಲದ ಪಂಜರ ತೊಳೆಯಲು ಕೂರಿಸುತ್ತಿದ್ದಳು.

ಮೊಲದ ಹೆಸರು ದಿಂಬು. ಹೆಸರಿಗೆ ತಕ್ಕ ಆಕಾರ. ಉಗುರು ಕತ್ತರಿಸಲು ಕರೆದೊಯ್ದಾಗ ಪಶುವೈದ್ಯೆ ಅದರ ಪಕ್ಕೆ ತಡವಿ, "ಸ್ವಲ್ಪ ದಪ್ಪ ಆಗಿದೆ. ಬಿಸ್ಕತ್ತು ನಿಲ್ಸಿ. ಒಣಹುಲ್ಲು ಬೇಕಾದಷ್ಟು ತಿನ್ಲಿ, ಜೊತೆಗೊಂದು ಹಿಡಿ ಸೊಪ್ಪು. ಆಗಾಗ ತೂಕ ನೋಡ್ತಾ ಇರಿ" ಎಂದರು.

'ತೂಕ' ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಇನ್ಸ್‌ಪೆಕ್ಟರರ ಮೀಸೆ ನೆಟ್ಟಗಾಯಿತು. "ಇನ್ಮೇಲೆ ಮೊಲದ ಇಲಾಖೆ ನಂದು. ಯಾರೂ ತಲೆ ಹಾಕ್ಬಾರ್ದು!"

ಮನೆಯ ತೂಕದ ಯಂತ್ರದ ಮೇಲೆ ದಿಂಬು ಒಂದು ಕ್ಷಣವೂ ನಿಲ್ಲಲೊಲ್ಲದು. ಇನ್ಸ್‌ಪೆಕ್ಟರರು ಶಾಸ್ತ್ರೋಕ್ತ ಮಾರ್ಗ ಕಂಡುಹಿಡಿದರು. ಮೊಲವನ್ನೆತ್ತಿಕೊಂಡು ತಾವೇ ನಿಲ್ಲುವುದು, ಬಂದದ್ದರಲ್ಲಿ ತಮ್ಮ ತೂಕ ಕಳೆಯುವುದು.

"ನಿಮ್ಮ ತೂಕ ಎಷ್ಟು?" ಹೆಂಡತಿ ಕೇಳಿದಳು.

"ಎಪ್ಪತ್ತು. ನಂದು ಯಾವತ್ತೂ ಎಪ್ಪತ್ತೇ."

ಮುಳ್ಳು ಎಪ್ಪತ್ತೈದು ತೋರಿಸಿತು. "ಐದು ಕಿಲೋ! ಇದೇನು ಮೊಲವೋ ಕುರಿಮರಿಯೋ!"

ಬಿಸ್ಕತ್ತು ನಿಂತಿತು. ಮರುವಾರ ದಿಂಬು ಆರು ಕಿಲೋ. ಸೊಪ್ಪು ನಿಂತಿತು. ಏಳು ಕಿಲೋ. ಹುಲ್ಲಿಗೂ ರೇಷನ್ ಬಂತು.

"ನೀನೇ ಕದ್ದು ತಿನ್ನಿಸ್ತಿದ್ದೀಯ!"

"ಎತ್ತಿದ್ರೆ ಹತ್ತಿ ಥರ ಇದೆ ರೀ!"

"ಕೈಗೆ ಅನ್ನಿಸೋದಕ್ಕೆಲ್ಲ ಕಾನೂನಲ್ಲಿ ಬೆಲೆ ಇಲ್ಲ. ಮುಳ್ಳು ಹೇಳಿದ್ದೇ ಸತ್ಯ."

(ಅದೇ ದಿನಗಳಲ್ಲಿ ಇಲಾಖೆ ಬೇಕರಿಗಳ ವಿಶೇಷ ತಪಾಸಣೆ ಹಮ್ಮಿಕೊಂಡಿತ್ತು. ಇನ್ಸ್‌ಪೆಕ್ಟರರು ಕೇಕು, ಬನ್ನುಗಳನ್ನು ಒಂದೊಂದಾಗಿ ತೂಗುತ್ತಿದ್ದರು. ಒಮ್ಮೆ ತೂಗಿದ ಮಾಲನ್ನು ಮತ್ತೆ ಮಾರಾಟಕ್ಕಿಡುವುದು ಸಲ್ಲದೆಂಬುದು ಅವರ ಅಚಲ ನಂಬಿಕೆ.)

ಒಂದು ಬೆಳಿಗ್ಗೆ ದಿಂಬು ತನ್ನದೇ ಮೆತ್ತನೆಯ ಹಿಕ್ಕೆಗೆ ಬಾಯಿ ಹಾಕಿ ತಿನ್ನುತ್ತಿರುವುದು ಅವರ ಕಣ್ಣಿಗೆ ಬಿತ್ತು. "ಸಿಕ್ಕಿಬಿತ್ತು! ಹೊರಗೆ ಹೋದ ಸರಕು ಹಿಂಬಾಗಿಲಿಂದ ಮತ್ತೆ ದಾಸ್ತಾನಿಗೆ ಸೇರ್ತಿದೆ!" ಕೂಡಲೇ, ಬಾಯಿ ಹಿಂಭಾಗಕ್ಕೆ ಎಟುಕದಂತೆ, ಅದರ ಕೊರಳಿಗೆ ರಟ್ಟಿನ ಅಗಲ ಪಟ್ಟಿ ಬಿತ್ತು.

ಆಮೇಲೆ ಹಿಕ್ಕೆ ಬರುವುದೇ ನಿಂತಿತು. ದಿಂಬು ಮೂಲೆಯಲ್ಲಿ ಮುದುರಿ ಹಲ್ಲು ಕಡಿಯತೊಡಗಿತು. ಮಗಳು ಅದನ್ನು ಸ್ವೆಟರಿನಲ್ಲಿ ಸುತ್ತಿಕೊಂಡು, "ಅಪ್ಪಾ, ಇದು ಸತ್ತುಹೋಗುತ್ತಾ?" ಎಂದಾಗ ಇನ್ಸ್‌ಪೆಕ್ಟರರು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಹೆಂಡತಿ ಮಗಳೊಂದಿಗೆ ಆಸ್ಪತ್ರೆಗೆ ಓಡಿದರು.

ವೈದ್ಯೆ ಮೊಲವನ್ನು ಪುಟ್ಟ ತಕ್ಕಡಿಯಲ್ಲಿಟ್ಟರು. "ಎರಡೇ ಕಿಲೋ! ಹೊಟ್ಟೆ ಖಾಲಿ ಬಿಟ್ರೆ ಮೊಲದ ಕರುಳು ಕೆಲಸ ನಿಲ್ಸಿಬಿಡುತ್ತೆ. ಆ ಮೆತ್ತಗಿನ ಹಿಕ್ಕೆ ಅದರ ಎರಡನೇ ಊಟ. ಪಟ್ಟಿ ಕಟ್ಟಿದ ಬುದ್ಧಿವಂತರು ಯಾರು?"

"ಎರಡಾ? ಸಾಧ್ಯವೇ ಇಲ್ಲ, ಏಳಿದೆ!" ಇನ್ಸ್‌ಪೆಕ್ಟರರು ಗುಡುಗಿದರು. "ನಿಮ್ಮ ತಕ್ಕಡಿಗೆ ಇಲಾಖೆ ಮುದ್ರೆ ಇದ್ಯಾ?"

"ಇದೆಯಲ್ಲ. ಕೆಳಗಿರೋ ಸಹಿ ನಿಮ್ಮದೇ."

ವೈದ್ಯೆ ಸೂಜಿ ಚುಚ್ಚಿ, ಹುಲ್ಲಿನ ಗಂಜಿ ಕುಡಿಸಿ, ಹೊಟ್ಟೆ ನೀವುತ್ತ ಕುಳಿತರು. "ಹಿಕ್ಕೆ ಬಂದ್ರೆ ಬದುಕ್ತು." ಇಡೀ ಕುಟುಂಬ ಮೊಲದ ಹಿಂಭಾಗವನ್ನೇ ದಿಟ್ಟಿಸುತ್ತ ಕಾಯಿತು. ಬಹಳ ಹೊತ್ತಾದ ಮೇಲೆ ಹೆಂಡತಿ ಮೆಲ್ಲಗೆ ಕೇಳಿದಳು.

"ಏಳರಲ್ಲಿ ಎರಡು ಮೊಲದ್ದು. ಮಿಕ್ಕ ಐದು ಕಿಲೋ ಯಾರದ್ದು?"

ಇನ್ಸ್‌ಪೆಕ್ಟರರು ಗೋಡೆಯ ಮೇಲಿದ್ದ ಜಂತುಹುಳುಗಳ ಚಿತ್ರಪಟವನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ಹೆಂಡತಿ ಮೂಲೆಯಲ್ಲಿದ್ದ, ದೊಡ್ಡ ನಾಯಿಗಳನ್ನು ತೂಗುವ ಯಂತ್ರದತ್ತ ಬೆರಳು ತೋರಿಸಿದಳು.

"ಹತ್ತಿ."

ಹತ್ತಿದರು. ಎಪ್ಪತ್ತೈದು.

ಆಗಲೇ ಮೇಜಿನ ಮೇಲೆ ಕರಿಮೆಣಸಿನಂಥ ನಾಲ್ಕು ಕಾಳು ಟಪಟಪ ಉದುರಿದವು. "ಬಂತು! ಬಂತು!" ಮಗಳು ಕುಣಿದಾಡಿದಳು. ಇನ್ಸ್‌ಪೆಕ್ಟರರ ಕಣ್ಣಲ್ಲೂ ನೀರಾಡಿತು. ಈ ಸಂಭ್ರಮದಲ್ಲಿ ಯಾರೂ ನೋಡುತ್ತಿಲ್ಲವೆಂದು ಮೆಲ್ಲಗೆ ಇಳಿಯಲು ಕಾಲೆತ್ತಿದರು.

"ನೀವು ಇಳೀಬೇಡಿ" ಎಂದಳು ಹೆಂಡತಿ. "ಡಾಕ್ಟ್ರೇ, ಏನು ತಿನ್ಬೇಕು, ಏನು ತಿನ್ಬಾರ್ದು ಅಂತ ಇವರಿಗೂ ಒಂದು ಚೀಟಿ ಬರ್ದುಕೊಡಿ."

"ಅಯ್ಯೋ, ನಾನು ಪ್ರಾಣಿಗಳ ಡಾಕ್ಟ್ರು ಕಣಮ್ಮಾ."

"ಪರವಾಗಿಲ್ಲ, ಬರೀರಿ."