ಹೊಗೆ ಬಿಟ್ಟವನ ಜೇಬು ತಪಾಸಣೆ

ಸಿಗರೇಟು ಮಾರುವವನೇ ಸಿಗರೇಟು ಬಿಡಲು ಹೊರಟರೆ ಏನೇನು ಆಗಬಾರದೋ ಅದೆಲ್ಲ ಆಗುತ್ತದೆ, ಆಗುತ್ತಲೇ ಇರುತ್ತದೆ. ನನ್ನದು ನ್ಯೂಜೆರ್ಸಿಯ ಹ್ಯಾರಿಸನ್ ರೈಲು ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಅಂಗಡಿ. ಮುಂದುಗಡೆ ಕಾಫಿ, ಹಾಲು, ಬ್ರೆಡ್ಡು, ಲಾಟರಿ ಟಿಕೆಟ್. ನನ್ನ ಬೆನ್ನ ಹಿಂದೆ ಗೋಡೆ ತುಂಬ ಸಿಗರೇಟು. ಹೀಗೆ ಬೆನ್ನಿಗೇ ಅಂಟಿಕೊಂಡಿದ್ದನ್ನು ಇಪ್ಪತ್ತೆಂಟು ವರ್ಷ ಸೇದಿದೆ.

ನಮ್ಮಪ್ಪ ಕುಂದಾಪುರದಲ್ಲಿ ಹೋಟೆಲ್ ಇಟ್ಟಿದ್ದವರು. ಸೇದಿ ಸೇದಿ ಐವತ್ತನಾಲ್ಕಕ್ಕೇ ಹೊರಟುಹೋದರು. ಹೋದ ವರ್ಷ ನನಗೆ ಐವತ್ತಮೂರು ತುಂಬಿದ ದಿನ ಕೇಕಿಗೆ ಚಾಕು ಹಾಕುವ ಮೊದಲೇ ಹೆಂಡತಿ ಹೇಳಿದಳು, "ನೋಡಿ, ಐವತ್ತನಾಲ್ಕಕ್ಕೆ ಇನ್ನೊಂದೇ ವರ್ಷ ಇರೋದು. ಅಷ್ಟರೊಳಗೆ ನಿಕೋಟಿನ್ ಅನ್ನೋದು ನಿಮ್ಮ ಮೈಯಲ್ಲಿ ಒಂದು ಚೂರೂ ಇರಕೂಡದು. ನನಗೆ ಒಬ್ಬಳೇ ಬದುಕೋಕೆಲ್ಲ ಪುರುಸೊತ್ತಿಲ್ಲ."

ಅವಳು ಕ್ರ್ಯಾನ್‌ಬರಿಯ ಒಂದು ವೇರ್‌ಹೌಸಿನಲ್ಲಿ ಸೂಪರ್‌ವೈಸರ್. ಅವಳು ಕಣ್ಣು ಬಿಟ್ಟರೆ ಫೋರ್ಕ್‌ಲಿಫ್ಟ್ ಓಡಿಸುವ ಆಳುದ್ದದ ಗಂಡಸರೇ ಗಾಡಿ ನಿಲ್ಲಿಸುತ್ತಾರಂತೆ. ನಾನು ಯಾವ ಮೂಲೆಗೆ? ಆಯ್ತು ಎಂದೆ.

೧. ಕೋಟು ಹಾಕಿಕೊಂಡು ಬಂದ ಸುದ್ದಿ

ಆ ಬೇಸಿಗೆಯಲ್ಲಿ ನನ್ನಮ್ಮ ಊರಿನಿಂದ ಬಂದಿದ್ದರು. ಮನೆಯಲ್ಲಿ ಒಬ್ಬರೇ ಕೂತು ಬೇಜಾರು ಅಂತ ದಿನಾ ನನ್ನ ಜೊತೆ ಅಂಗಡಿಗೆ ಬಂದು, ಕೌಂಟರಿನ ಪಕ್ಕ ಸ್ಟೂಲ್ ಹಾಕಿಕೊಂಡು, ಸೆರಗಿನ ಮರೆಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದರು. ಅದರೊಳಗೆ ಒಂದು ಚೂರು ಹೊಗೆಸೊಪ್ಪು ಖಾಯಂ.

ಒಂದು ದಿನ ಸಿಗರೇಟು ಕಂಪನಿಯವನು ಬಂದ. ಹತ್ತು ವರ್ಷದಿಂದ ಇವನೇ ಬಂದು ಸಿಗರೇಟನ್ನು ನನ್ನ ಕಣ್ಣಿನ ಮಟ್ಟಕ್ಕೆ ಜೋಡಿಸಿ ಹೋಗುತ್ತಿದ್ದ. ಅವತ್ತು ಹೊಸ ಕೋಟು ಹಾಕಿಕೊಂಡು ಬಂದು, "ಇನ್ನು ಮುಂದೆ ನಮ್ಮದು ಹೊಗೆಯಿಲ್ಲದ ಭವಿಷ್ಯ" ಎಂದ. ಸಿಗರೇಟನ್ನೆಲ್ಲ ತೆಗೆದು ಕೆಳಗಿನ ಶೆಲ್ಫಿಗೆ ಇಳಿಸಿದ. ಮೇಲೆ ಪುಟ್ಟ ಪುಟ್ಟ ದುಂಡು ಡಬ್ಬಿ ಜೋಡಿಸಿದ. ಒಂದನ್ನು ತೆರೆದು ತೋರಿಸಿದ. ಒಳಗೆ ಇರುವೆ ಸಂಸಾರಕ್ಕೆ ಸಾಕಾಗುವಂಥ ಬಿಳೀ ದಿಂಬುಗಳು, ಅವುಗಳ ಹೊಟ್ಟೆಯಲ್ಲಿ ನಿಕೋಟಿನ್ ಪುಡಿ.

"ಇದನ್ನ ತುಟಿಗೂ ವಸಡಿಗೂ ನಡುವೆ ಇಟ್ಟುಕೊಂಡರೆ ಆಯ್ತು. ಹೊಗೆ ಇಲ್ಲ, ಬೂದಿ ಇಲ್ಲ, ಪಕ್ಕದವರಿಗೆ ಗೊತ್ತೇ ಆಗಲ್ಲ. ಎಷ್ಟೋ ವರ್ಷದ ಸಂಶೋಧನೆ ಇದು," ಎಂದ.

ಅಮ್ಮ ಏನು ಹೇಳಿದ ಎಂದು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ಸರಿಸಿ, ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನಾವ್ ಐವತ್ತ್ ವರ್ಷದಿಂದ ಮಾಡೂದ್ ಇದೇ ಅಲ್ದಾ? ಇದ್ ಹೇಳೂಕೆ ಕೋಟ್ ಹಾಯ್ಕಂಡ್ ಬರ್ಕಾ?" ಎಂದರು.

ನಿನ್ನ ಸಂಶೋಧನೆ ಅಮ್ಮನಿಗೆ ಬಹಳ ಹಿಡಿಸಿತು ಎಂದು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಖುಷಿಯಾಗಿ ಅಮ್ಮನಿಗೊಂದು ಪೆನ್ನು ಕೊಟ್ಟ. ಮಧ್ಯಾಹ್ನದವರೆಗೆ ಕೆಲಸ ಮಾಡಿ, ಬ್ಯಾಗು ಹೆಗಲಿಗೆ ಹಾಕಿ ಹೊರಟವನು ಬಾಗಿಲ ತನಕ ಹೋಗಿ ವಾಪಸು ಬಂದ. ಕೌಂಟರಿನ ಹಿಂದೆ ಮೊಣಕಾಲೂರಿ ಕೂತು ಕೆಳಗಿನ ಶೆಲ್ಫಿನಲ್ಲಿ ತಡಕಾಡುತ್ತ ಕೇಳಿದ, "ನಾನು ಸೇದೋ ಸಿಗರೇಟು ಎಲ್ಲಿಟ್ಟೆ ಅಂತ ನಿನಗೇನಾದರೂ ನೆನಪಿದೆಯಾ?"

೨. ಗ್ಯಾರೇಜಿನ ಹಲಸಿನಹಣ್ಣು

ಕಂಪನಿಯೇ ದಾರಿ ಬದಲಿಸಿತಲ್ಲ, ನಾನೂ ಬದಲಿಸೋಣ ಅಂತ ಮೊದಲು ವೇಪ್ ಎನ್ನುವ ಬ್ಯಾಟರಿ ಸಿಗರೇಟು ಹಿಡಿದೆ. ನಮ್ಮ ನ್ಯೂಜೆರ್ಸಿಯಲ್ಲಿ ಹಣ್ಣಿನ ಫ್ಲೇವರಿನದು ಮಾರುವ ಹಾಗಿಲ್ಲ. ಬೇರೆ ರಾಜ್ಯದಿಂದ ಬರುವ ಗಿರಾಕಿಯೊಬ್ಬ ತನ್ನದೊಂದನ್ನು ನನಗೆ ಕೊಟ್ಟು ಹೋದ. ಯಾವ ಹಣ್ಣು ಅಂತ ಅದರ ಮೇಲೆ ಸ್ಪಷ್ಟವಾಗಿ ಬರೆದಿರಲಿಲ್ಲ, ಬರೀ ಒಂದು ತೆಂಗಿನಮರದ ಚಿತ್ರ ಇತ್ತು.

ಪಿಸ್ಕಾಟವೇಯ ನಮ್ಮ ಮನೆಯ ಗ್ಯಾರೇಜಿನಲ್ಲಿ ಲಾನ್‌ಮೋವರಿನ ಹಿಂದೆ ನಿಂತು ನಾಲ್ಕು ದಮ್ಮು ಎಳೆದೆ. ಒಳಗಿನಿಂದ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಮೂಗು ಅರಳಿತ್ತು. ನನ್ನ ಕತೆ ಮುಗಿಯಿತು ಅಂದುಕೊಂಡೆ.

"ರೀ, ಹಲಸಿನಹಣ್ಣು ತಂದಿದ್ದೀರಾ?"

ಅವಳು ತುಮಕೂರು ಕಡೆಯವಳು. ಹಲಸಿನಹಣ್ಣು ಅಂದರೆ ಗಂಡನನ್ನೂ ಮರೆಯುವ ಪೈಕಿ. ಆ ಮುಖ ನೋಡಿ ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ನಿಜ ಹೇಳಲಂತೂ ಬರಲೇ ಇಲ್ಲ. "ಸರ್‌ಪ್ರೈಸ್ ಅಂತ ಇದ್ದೆ. ಕಾರಿನಲ್ಲಿದೆ, ಆಮೇಲೆ ತರ್ತೀನಿ," ಎಂದೆ.

ಹಾಲು ತರುವ ನೆಪ ಹೇಳಿ ಎಡಿಸನ್‌ಗೆ ಕಾರು ಓಡಿಸಿದೆ. ಮೂರು ಇಂಡಿಯನ್ ಅಂಗಡಿ ಸುತ್ತಿದ ಮೇಲೆ ಒಂದು ಸಿಕ್ಕಿತು, ಎಳೇ ಕರುವಿನಷ್ಟು ಭಾರ. ಸೊಂಟ ಹಿಡಿದುಕೊಂಡು ಅದನ್ನು ಮನೆಯೊಳಗೆ ತಂದೆ. ಕೈಗೆ ಎಣ್ಣೆ ಹಚ್ಚಿಕೊಂಡು ಸಂಜೆಯೆಲ್ಲ ತೊಳೆ ಬಿಡಿಸಿದೆ. ಮಗಳು ಬಂದು ನೋಡಿ, "ಈಸ್ ದಟ್ ಥಿಂಗ್ ಅಲೈವ್?" ಎಂದು ಕೇಳಿ ಮೇಲೆ ಹೋದಳು.

ಹೆಂಡತಿ ಒಂದು ತೊಳೆ ಮೂಗಿನ ಹತ್ತಿರ ಹಿಡಿದಳು. ಬಾಯಿಗೆ ಹಾಕಿಕೊಂಡಳು. ಮುಖ ಸಪ್ಪಗಾಯಿತು.

"ಏನೇ ಹೇಳಿ," ಎಂದಳು, "ಗ್ಯಾರೇಜಲ್ಲಿ ಬಂದ ಘಮ ಇದಕ್ಕಿಲ್ಲ. ನಾಳೆ ಅದನ್ನೇ ತನ್ನಿ."

೩. ಕಣ್ಣೀರಿನ ಭಾಷಣ

ವೇಪ್ ಮೂರನೇ ವಾರ ಪ್ಯಾಂಟಿನ ಸಮೇತ ವಾಷಿಂಗ್ ಮೆಷಿನ್ನಿಗೆ ಹೋಗಿ ಸಿಕ್ಕಿಬಿತ್ತು. ಆಮೇಲೆ ಆ ಕೋಟಿನವನ ಬಿಳೀ ದಿಂಬೇ ಗತಿ ಎಂದು ಅದನ್ನು ಶುರುಮಾಡಿದೆ.

ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಕಾಫಿಯ ಖರ್ಚು ನನ್ನದು. ಅದಕ್ಕಾಗಿ ವೇದಿಕೆಯ ಮೇಲೆ ಎರಡು ಮಾತಾಡಬೇಕು ಎಂದರು. ನನಗೆ ಮೈಕ್ ಕಂಡರೆ ಭಯ. ಧೈರ್ಯಕ್ಕಿರಲಿ ಅಂತ ಹೆಸರು ಕರೆಯುವ ಐದು ನಿಮಿಷ ಮೊದಲು ಒಂದು ದಿಂಬನ್ನು ಮೇಲ್ದುಟಿಯೊಳಗೆ ತಳ್ಳಿದೆ. ಅದು ಇದ್ದದ್ದರಲ್ಲೇ ಸ್ಟ್ರಾಂಗ್ ಡಬ್ಬಿಯದು ಅಂತ ಗೊತ್ತಿರಲಿಲ್ಲ.

"ಎಲ್ಲರಿಗೂ ನಮಸ್ಕಾರ. ಕನ್ನಡ ಅಂದರೆ..." ಎಂದೆ. ಬಿಕ್ಕಳಿಕೆ ಬಂತು.

ತಡೆದುಕೊಂಡೆ. "ಕನ್ನಡ ಅಂದರೆ ನಮ್ಮ ತಾಯಿ..." ಮತ್ತೆ ಬಿಕ್ಕಳಿಕೆ. ಖಾರ ಗಂಟಲಿಗಿಳಿದು ಕಣ್ಣಲ್ಲಿ ದಳದಳ ನೀರು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಮೈಕ್ ಹಿಡಿದುಕೊಂಡು ಬಿಕ್ಕುತ್ತ ನಿಂತೆ. ಮುಂದಿನ ಸಾಲಿನಲ್ಲಿದ್ದ ಒಬ್ಬರು ಆಂಟಿ ಕಣ್ಣೊರೆಸಿಕೊಂಡರು. ಹಿಂದೆ ಯಾರೋ ಚಪ್ಪಾಳೆ ಶುರುಮಾಡಿದರು, ನೋಡನೋಡುತ್ತ ಇಡೀ ಹಾಲ್ ಎದ್ದು ನಿಂತಿತು. ನಾನು ಕೈ ಮುಗಿದು ಇಳಿದು ಬಂದೆ.

ಕಾರ್ಯದರ್ಶಿಗಳು ನನ್ನನ್ನು ತಬ್ಬಿಕೊಂಡರು. "ಇಷ್ಟು ವರ್ಷದಲ್ಲಿ ಈ ವೇದಿಕೆ ಮೇಲೆ ಭಾಷೆಗೋಸ್ಕರ ಅತ್ತವರು ನೀವೊಬ್ಬರೇ. ಮುಂದಿನ ವರ್ಷ ಉದ್ಘಾಟನೆ ನಿಮ್ಮದೇ," ಎಂದರು.

ಹೆಂಡತಿ ಪಾರ್ಕಿಂಗ್ ಲಾಟಿಗೆ ಬಂದು, ಕಾರಿನ ಬಾಗಿಲು ಹಾಕಿಕೊಂಡು, ಒಂದು ಟಿಷ್ಯೂ ಬಿಡಿಸಿ ನನ್ನ ಗಲ್ಲದ ಕೆಳಗೆ ಹಿಡಿದಳು.

"ಉಗೀರಿ ನಿಮ್ಮ ಕನ್ನಡಾಭಿಮಾನಾನ," ಎಂದಳು.

೪. ಬೆಳಗಿನ ಚೆಕಿಂಗ್

ಕೊನೆಗೆ ಡಾಕ್ಟರ ಹತ್ತಿರ ಹೋದೆವು. ಅವರು ಚೀಪುವ ನಿಕೋಟಿನ್ ಮಾತ್ರೆ ಬರೆದುಕೊಟ್ಟರು. ಪುದೀನ ರುಚಿ, ನೋಡಲು ಪೆಪ್ಪರ್‌ಮಿಂಟೇ. ದಿನಕ್ಕೆ ಇಷ್ಟು, ವಾರ ಕಳೆದಂತೆ ಕಡಿಮೆ ಮಾಡುತ್ತ ಬಂದು ಬಿಟ್ಟುಬಿಡಿ ಎಂದರು. ಆ "ಇಷ್ಟು" ಎನ್ನುವುದು ನನಗೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಅದಕ್ಕೇ ನಮ್ಮ ಅಂಗಡಿಯಿಂದಲೇ ತಂದು ಒಂದೊಂದು ಡಬ್ಬಿ ಜಾಸ್ತಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಆಗ ಶುರುವಾಯಿತು ನೋಡಿ ಜೇಬು ತಪಾಸಣೆ. ಬೆಳಿಗ್ಗೆ ನಾನು ಶೂ ಹಾಕಿಕೊಳ್ಳುವಾಗ ಹೆಂಡತಿ ಬಂದು ಜಾಕೆಟ್ಟು, ಪ್ಯಾಂಟು, ಕಾಲುಚೀಲ ಸಮೇತ ತಡಕುತ್ತಿದ್ದಳು. ಡಾಕ್ಟರು ಹೇಳಿದಷ್ಟನ್ನು ಬಿಟ್ಟು ಉಳಿದದ್ದೆಲ್ಲ ಅವಳ ಹ್ಯಾಂಡ್‌ಬ್ಯಾಗಿಗೆ. "ಮಾಮ್ ಈಸ್ ವರ್ಸ್ ದ್ಯಾನ್ ಏರ್‌ಪೋರ್ಟ್ ಸೆಕ್ಯುರಿಟಿ" ಎಂದು ಮಗಳು ನಗುತ್ತಿದ್ದಳು. ಅದನ್ನೆಲ್ಲ ಬಿಸಾಕ್ತೀಯಾ ಎಂದು ಒಂದು ದಿನ ಕೇಳಿದೆ. "ಅದೆಲ್ಲ ನಿಮಗ್ಯಾಕೆ?" ಎಂದು ಕ್ರ್ಯಾನ್‌ಬರಿಗೆ ಹೊರಟಳು.

ಮಾರ್ಚಿಗೆ ನಾನು ಪೂರ್ತಿ ಬಿಟ್ಟೆ. ಹೇಗೆ ಬಿಟ್ಟೆ ಅಂತ ನನಗೇ ಗೊತ್ತಿಲ್ಲ. ಒಂದು ಬೆಳಿಗ್ಗೆ ಕನ್ನಡಿಯಲ್ಲಿ ಗಡ್ಡ ಹೆರೆಯುವಾಗ ಅಪ್ಪನ ಮುಖವೇ ಕಂಡಿತು. ಹೆದರಿಕೆಯಾಯಿತು, ಅಷ್ಟೇ. ಸುಳ್ಳು ಯಾಕೆ ಹೇಳಲಿ, ಅವತ್ತು ಸ್ವಲ್ಪ ಅತ್ತೆ ಕೂಡ, ಈ ಸಲ ಬಿಕ್ಕಳಿಕೆಯದಲ್ಲ.

ಮಾರನೇ ದಿನದಿಂದ ಜೇಬು ಖಾಲಿ. ಹೆಂಡತಿ ಎಡ ಜೇಬು ನೋಡಿದಳು, ಬಲ ಜೇಬು ನೋಡಿದಳು, ಜಾಕೆಟ್ಟನ್ನು ತಲೆಕೆಳಗು ಮಾಡಿ ಒದರಿದಳು.

"ಏನೂ ಇಲ್ವಾ?"

"ಇಲ್ಲ. ಬಿಟ್ಟೆ."

ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಸಿಡುಕಿ, "ಸರಿಯಾಗಿ ನೋಡಿ, ಎಲ್ಲಾದ್ರೂ ಇರುತ್ತೆ," ಎಂದಳು. ಆ ವಾರ ಪೂರ್ತಿ ಮನೆಯಲ್ಲಿ ಕುಕ್ಕರಿಗಿಂತ ಅವಳೇ ಜಾಸ್ತಿ ಕೂಗಿದಳು. ಭಾನುವಾರ ಮಗಳ ಮೇಲೆ, ಸೋಮವಾರ ನನ್ನ ಮೇಲೆ, ಮಂಗಳವಾರ ಡಿಶ್‌ವಾಶರಿನ ಮೇಲೆ. ಬುಧವಾರ ಮೆತ್ತಗಾಗಿ ಹತ್ತಿರ ಬಂದಳು. "ರೀ, ಬರುವಾಗ ಅಂಗಡಿಯಿಂದ ಆ ಮಾತ್ರೆ ಒಂದೆರಡು ಡಬ್ಬಿ ತನ್ನಿ. ನನ್ನ ಹತ್ತಿರ ಇರಲಿ. ಎಲ್ಲಾದ್ರೂ ನಿಮಗೆ ತಡ್ಕೊಳ್ಳೋಕೆ ಆಗದೇ ಹೋದ್ರೆ?"

ನಾನು ಚೆನ್ನಾಗೇ ತಡೆದುಕೊಂಡಿದ್ದೆ. ಆದರೂ ಎಂಥ ಕರುಳು ನನ್ನವಳದು ಅಂದುಕೊಂಡೆ. ಅವತ್ತಿನಿಂದ ವಾರಕ್ಕೆರಡು ಡಬ್ಬಿ ನಾನೇ ತಂದು ಕೊಟ್ಟೆ.

೫. ಸ್ಪೀಕರ್ ಫೋನ್

ನನ್ನ ಐವತ್ತನಾಲ್ಕನೇ ಹುಟ್ಟುಹಬ್ಬಕ್ಕೆ ಇನ್ನು ಹದಿನೈದು ದಿನ ಇತ್ತು. ಬಾಯಿಮಾತನ್ನು ನಂಬುವವಳಲ್ಲ ನನ್ನ ಹೆಂಡತಿ. ಇಬ್ಬರಿಗೂ ಲೈಫ್ ಇನ್ಶೂರೆನ್ಸ್ ಮಾಡಿಸೋಣ, ಅವರೇ ರಕ್ತ ತೆಗೆದು ನಿಕೋಟಿನ್ ನೋಡುತ್ತಾರೆ, ನಿಮ್ಮ ಬಂಡವಾಳ ಗೊತ್ತಾಗುತ್ತೆ ಎಂದಳು. ಏಜೆಂಟರು ಮೈಸೂರಿನ ಒಬ್ಬರು ಅಂಕಲ್, ಬಹಳ ಸಾತ್ವಿಕ ಮನುಷ್ಯ. ನರ್ಸ್ ಮನೆಗೇ ಬಂದು ಇಬ್ಬರ ರಕ್ತವನ್ನೂ ತೆಗೆದುಕೊಂಡು ಹೋದಳು.

ಶನಿವಾರ ಬೆಳಿಗ್ಗೆ ಅಂಕಲ್ ಫೋನ್ ಬಂತು. ಹೆಂಡತಿ ಸ್ಪೀಕರಿಗೆ ಹಾಕಿ ಡೈನಿಂಗ್ ಟೇಬಲ್ ಮೇಲಿಟ್ಟಳು.

"ರಿಪೋರ್ಟ್ ಬಂದಿದೆ ಅಮ್ಮಾ," ಎಂದರು ಅಂಕಲ್. "ಒಂದು ಪೂರ್ತಿ ಕ್ಲೀನ್. ಇನ್ನೊಂದರಲ್ಲಿ ಮಾತ್ರ ನಿಕೋಟಿನ್ ಸಿಕ್ಕಿದೆ. ಚೆನ್ನಾಗೇ ಸಿಕ್ಕಿದೆ."

ಅವಳು ಎದ್ದು ನಿಂತಳು. "ನನಗೆ ಗೊತ್ತಿತ್ತು," ಎಂದಳು. "ಬಿಟ್ಟೆ ಬಿಟ್ಟೆ ಅಂತ ಮೂರು ತಿಂಗಳಿಂದ ನನ್ನ ಕಣ್ಣಿಗೆ ಮಣ್ಣೆರಚಿದ್ರಿ. ಅಂಗಡಿಯಲ್ಲಿ ಏನು ಮಾಡ್ತೀರಿ ಅಂತ ನಾನೇನು ಬಂದು ನೋಡ್ತೀನಾ?"

"ಅಮ್ಮಾ..." ಎಂದರು ಅಂಕಲ್.

"ಒಂದು ನಿಮಿಷ ಅಂಕಲ್. ಇವರಪ್ಪನ ಫೋಟೋ ಗೋಡೆ ಮೇಲಿದೆ, ಅದರ ಪಕ್ಕ ಇನ್ನೊಂದು ಮೊಳೆ ಹೊಡೆಯೋಕೆ ನನ್ನ ಕೈಲಿ ಆಗಲ್ಲ. ಅಷ್ಟೂ ಅರ್ಥ ಆಗಲ್ವಾ ಇವರಿಗೆ?" ಎನ್ನುತ್ತ ಕಣ್ಣು ತುಂಬಿಕೊಂಡಳು.

ನನ್ನ ಮೇಲೇ ನನಗೆ ಅನುಮಾನ ಬಂತು. ಗೋಡೆ ತುಂಬ ಸಿಗರೇಟಿದೆಯಲ್ಲ, ಬೆನ್ನಿನ ಮೂಲಕವೇ ಒಳಗೆ ಹೋಯಿತೋ ಏನೋ. ತಪ್ಪಾಯ್ತು ಎಂದು ಹೇಳಲು ಬಾಯಿ ತೆರೆದೆ.

"ಅಮ್ಮಾ, ಸ್ವಲ್ಪ ಕೇಳಿ," ಎಂದರು ಅಂಕಲ್ ಮತ್ತೆ. "ಯಜಮಾನರದ್ದು ಕ್ಲೀನ್. ಸಿಕ್ಕಿರೋದು ನಿಮ್ಮ ರಕ್ತದಲ್ಲಿ."

ನನ್ನ ಹೆಂಡತಿಯ ಬಾಯೊಳಗೆ ಏನೋ ಹಲ್ಲಿಗೆ ತಾಗಿ ಟಕ್ ಎಂದಿತು.

"ಏನೇ ಅದು?" ಎಂದೆ.

"ಪೆಪ್ಪರ್‌ಮಿಂಟು," ಎಂದಳು. ಆಮೇಲೆ ಕುರ್ಚಿಯಲ್ಲಿ ಕೂತು ಸಣ್ಣ ದನಿಯಲ್ಲಿ, "ನಿಮ್ಮ ಜೇಬಲ್ಲಿ ಸಿಕ್ಕಿದ್ದು ರೀ. ಹೊಸಾ ಡಬ್ಬಿ, ಎಸೆಯೋಕೆ ಮನಸ್ಸೇ ಬರಲಿಲ್ಲ. ಸೇದೋರಿಗೆ ತಾನೇ ಅದು ಔಷಧಿ, ಸೇದದೇ ಇರೋರಿಗೆ ಏನು ಮಾಡುತ್ತೆ ಅಂದ್ಕೊಂಡೆ. ಕೆಲಸಕ್ಕೆ ಹೋಗೋವಾಗ ಟರ್ನ್‌ಪೈಕ್ ಹೈವೇಲಿ ಟ್ರಾಫಿಕ್ ನಿಂತಾಗ ಬಾಯಿಗೊಂದು ಹಾಕ್ಕೊಳ್ತಿದ್ದೆ. ಆಮೇಲೆ ಟ್ರಾಫಿಕ್ ಇಲ್ಲದಾಗಲೂ ಬೇಕು ಅನ್ನಿಸ್ತಿತ್ತು."

ಮಗಳು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಿದ್ದಳು. ಟೇಬಲ್ ಮೇಲೆ ಅಂಕಲ್ ಕೆಮ್ಮಿದರು. ಅವರು ಇನ್ನೂ ಲೈನಿನಲ್ಲಿದ್ದಾರೆಂದು ನಮಗೆ ನೆನಪೇ ಇರಲಿಲ್ಲ.

"ಬೇಜಾರು ಮಾಡ್ಕೋಬೇಡಿ ಅಮ್ಮಾ, ಫಾರ್ಮ್ ತಿದ್ದಬೇಕು, ಅದಕ್ಕೆ ಕೇಳ್ತಿದ್ದೀನಿ," ಎಂದರು ಸಂಕೋಚದಿಂದ. "ತಾವು ಎಷ್ಟು ವರ್ಷದಿಂದ ಸೇದ್ತಿದ್ದೀರಿ?"

ಹೆಂಡತಿ ಬಾಯಲ್ಲಿದ್ದದ್ದನ್ನು, ಥೇಟ್ ನನ್ನಮ್ಮನ ಹಾಗೆ, ಆ ದವಡೆಯಿಂದ ಈ ದವಡೆಗೆ ಸರಿಸಿದಳು.

"ನಾನೆಲ್ಲಿ ಸೇದ್ತೀನಿ ಅಂಕಲ್?" ಎಂದಳು. "ನಾನು ಇವರ ಚಟ ಬಿಡಿಸ್ತಾ ಇದ್ದೆ."