ನುಡಿಮುತ್ತು ಚಿಕ್ಕದು ಮಾಡಿಸುವ ಕುರಿತು

ಇಂದ:
ಆದಮ್ಮ ಗಂಡ ಯಮನೂರ,
ಬಾಲಮ್ಮನ ತಾಯಿ,
ಮಸ್ಕಿ ತಾಲೂಕಿನ ಒಂದು ಊರು.
(ಊರ ಹೆಸರು ಹಾಕಿಲ್ಲ. ಹಾಕಿದರೆ ಮಾಸ್ತರರಿಗೆ ಬೇಜಾರಾಗುತ್ತದೆ.)

ಗೆ:
ಮಾನ್ಯ ಇಳಿಜಾರು ಅವರು,
ನಮ್ಮೂರ ಶಾಲೆಯ ಮೆಟ್ಟಿಲ ಪಕ್ಕ, ಕಂಬಿ ಸಹಿತ.

ವಿಷಯ: ದಿನವೂ ತರಗತಿಯಲ್ಲಿ ಕೂತಿರುವ ನನ್ನ ಮಗಳನ್ನು ಬಂದಿದ್ದಾಳೆಂದು ನಂಬುವ ಬಗ್ಗೆ.

ಉಲ್ಲೇಖ: 1. ಮಗಳಿಗೆ ಕಿವಿ ಕೇಳಿಸುವುದಿಲ್ಲ, ಶಾಲೆಯಲ್ಲಿ ಏನಾದರೂ ಅನುಕೂಲ ಮಾಡಿಕೊಡಿ ಎಂದು ನಾನು ಕೊಟ್ಟ ಅರ್ಜಿ.
2. ಆ ಅರ್ಜಿಯ ಮೇಲೆ ಕಟ್ಟಿಸಲಾದ ತಾವು.

ಮಾನ್ಯರೇ,

ನಾನು ಕಿವಿಯ ವಿಷಯ ಬರೆದಿದ್ದೆ. ಮೇಲಿನವರು ಕಾಲಿನ ವ್ಯವಸ್ಥೆ ಮಾಡಿದರು, ಗಾಲಿಕುರ್ಚಿ ಹತ್ತಲೆಂದು ತಮ್ಮನ್ನು ಕಟ್ಟಿಸಿದರು. ನನ್ನ ಮಗಳು ಮೆಟ್ಟಿಲನ್ನು ಎರಡೆರಡು ದಾಟಿ ಹತ್ತುವವಳು. ಆದರೂ ಅವಳ ಹೆಸರಿನಲ್ಲಿ ಈ ಶಾಲೆಗೆ ಬಂದದ್ದು ತಾವೊಬ್ಬರೇ. ಆದ್ದರಿಂದ ಮುಂದಿನ ವಿಚಾರಣೆಯೂ ತಮ್ಮ ವ್ಯಾಪ್ತಿಗೇ ಬರುತ್ತದೆಂದು ತಿಳಿದು ಈ ಅರ್ಜಿ. ತಮ್ಮ ಮೇಲೆ ಹೆಡ್‌ಮಾಸ್ತರರ ಬೈಕು ಬಿಟ್ಟರೆ ಬೇರೆ ಕೆಲಸದ ಹೊರೆ ಇಲ್ಲದ ಕಾರಣ ತಾವು ಸಾವಕಾಶವಾಗಿ ಓದಬಹುದು.

1. ಬಾಲಮ್ಮ ಮೂರನೇ ತರಗತಿ. ಅವಳ ಅಜ್ಜ ಬಾಲಪ್ಪನ ಹೆಸರು ಇಟ್ಟಿದ್ದೇವೆ. ಅವಳು ತುಟಿ ನೋಡಿ ಮಾತು ತಿಳಿಯುತ್ತಾಳೆ. ನಾನು ರೊಟ್ಟಿ ಬಡಿಯುವಾಗ ಎದುರಿಗೆ ಕೂತು ನೆಲಕ್ಕೆ ಅಂಗೈ ಹಚ್ಚುತ್ತಾಳೆ. ಬಡಿತ ನಿಂತರೆ ತಾಟು ತರುತ್ತಾಳೆ. ಮುಖ ಕಾಣಿಸಿದರೆ ಸಾಕು, ಮಗ್ಗಿ ಸಹ ಒಪ್ಪಿಸುತ್ತಾಳೆ.

2. ಸಿಂಧನೂರಿನ ಶಿಬಿರದಲ್ಲಿ ಕೊಟ್ಟ ಕಿವಿಯ ಯಂತ್ರ ಆಗಾಗ ಕುಂಯ್ ಎನ್ನುತ್ತದೆ. ಅದರಿಂದ ಉಳಿದ ಮಕ್ಕಳ ಕಲಿಕೆ ಕೆಡುತ್ತದೆಂದು ತೆಗೆಸಿದ್ದಾರೆ. ಉಳಿದ ಮಕ್ಕಳು ಆಗ ಕಿಟಕಿಯಲ್ಲಿ ಟ್ರ್ಯಾಕ್ಟರ್ ನೋಡುತ್ತಿದ್ದರು.

3. ಹೋದ ವಾರ ಹೆಡ್‌ಮಾಸ್ತರರು ಕರೆಸಿದರು. ಅಲ್ಲಿ ನಡೆದ ಮಾತುಕತೆಯನ್ನು ತಮ್ಮ ಮಾಹಿತಿಗಾಗಿ ಇದ್ದದ್ದು ಇದ್ದಂತೆ ಬರೆದಿದ್ದೇನೆ.

"ಆದಮ್ಮಾ, ನಿನ್ನ ಮಗಳು ಸಾಲಿಗೇ ಬರಾಂಗಿಲ್ಲಲ್ಲ. ಬರೇ ಗೈರ."

"ನಾನ ಕೈ ಹಿಡಕೊಂಡು ತಂದು ಬಿಟ್ಟು ಹೊಕ್ಕೀನ್ರಿ ಸರ. ಈಗೂ ಒಳಗ ಕುಂತಾಳ, ನೋಡ್ರಿ."

"ಕುಂತಿರಬಹುದು. ಹಾಜರ ಅನ್ನಬೇಕಲ್ಲವಾ."

ಆಮೇಲೆ ತಿಳಿಸಿದ್ದೇನೆಂದರೆ, ಬರುವ ಸೋಮವಾರ ಅವಳನ್ನು ತರಗತಿಯಿಂದ ತೆಗೆದು ಮನೆ ಆಧಾರಿತ ಶಿಕ್ಷಣಕ್ಕೆ ಹಾಕುತ್ತಾರೆ. ಅಂದರೆ ಅವಳು ಮನೆಯಲ್ಲೇ ಇರಬೇಕು, ಯಾರಾದರೂ ಬಿಡುವಾದಾಗ ಬಂದು ಕಲಿಸುತ್ತಾರೆ. "ನಿಮಗ ಅನುಕೂಲ, ದಿನಾ ಅಡ್ಡಾಡೂದು ತಪ್ಪತದ" ಎಂದರು. ಎಲ್ಲರನ್ನೂ ಒಳಗೊಳ್ಳುವ ಶಾಲೆ ಎಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದವರೂ ಅವರೇ.

(ಅನ್ನ ಉಕ್ಕಿತು, ಎದ್ದು ಹೋಗಿದ್ದೆ. ಹಾಳೆಯ ಮೇಲಿನ ಕಲೆ ಗಂಜಿಯದು, ಕಣ್ಣೀರೆಂದು ಭಾವಿಸಬಾರದು.)

4. ಕಾರಣ ತಿಳಿಯಲು ನಾನು ಮಗಳನ್ನು ಬಿಟ್ಟ ಮೇಲೆ ಕಿಟಕಿಯ ಹತ್ತಿರ ನಿಂತು ನೋಡಿದೆ. ಅವಳ ತರಗತಿಯ ವೆಂಕೋಬ ಮಾಸ್ತರರಿಗೆ ಮಕ್ಕಳ ಹೆಸರೆಲ್ಲ ಬಾಯಿಪಾಠ. ಆದ ಕಾರಣ ಬೋರ್ಡಿನ ಮೇಲೆ ದಿನಾಂಕ, ವಾರ, ನುಡಿಮುತ್ತು ಬರೆಯುತ್ತಲೇ ಹಾಜರಿ ಕೂಗುತ್ತಾರೆ. ಬಾಲಮ್ಮ ಎನ್ನುವಾಗ ಅವರ ಬೆನ್ನು ಮಕ್ಕಳ ಕಡೆಗೆ. ಬೆನ್ನಿಗೆ ತುಟಿ ಇರುವುದಿಲ್ಲ.

5. ಬರೆದು ಮುಗಿಸಿ ತಿರುಗುತ್ತಾರೆ. ಆ ಹೊತ್ತಿಗೆ ಹೆಸರು ಪಕ್ಕದಲ್ಲಿ ಕೂರುವ ಮಾಲಮ್ಮನಿಗೆ ಬಂದಿರುತ್ತದೆ. ಬಾಲಮ್ಮ ಎಂದರೂ ಮಾಲಮ್ಮ ಎಂದರೂ ತುಟಿ ಮುಚ್ಚಿ ತೆರೆಯುವುದು ಒಂದೇ ರೀತಿ. ನನ್ನ ಮಗಳು ಖುಷಿಯಿಂದ ಎದ್ದು "ಆಜರ್" ಎನ್ನುತ್ತಾಳೆ. ತರಗತಿ ನಗುತ್ತದೆ.

"ನನ್ನ ಹೆಸರು ಯಾಕ ಕದೀತೀಬೇ?" ಎಂದು ಮಾಲಮ್ಮನೂ ನಕ್ಕಳು. ಆದರೆ ಮರುದಿನ ಅವಳೇ ಬಾಲಮ್ಮನ ಹೆಸರು ಬಂದಾಗ ಮೊಣಕೈಯಿಂದ ತಿವಿದಳು. ಮಾಸ್ತರರು ಸದ್ದಿಗೆ ತಿರುಗಿ, "ಏಯ್, ಹಾಜರಿ ಹೇಳಿಕೊಡತೀಯೇನ?" ಎಂದು ಅವಳನ್ನು ಬೇರೆ ಸಾಲಿನಲ್ಲಿ ಕೂಡಿಸಿದರು. ಆ ಶಾಲೆಯಲ್ಲಿ ನನ್ನ ಮಗಳಿಗೆ ಕಲಿಸಲು ಮುಂದೆ ಬಂದವಳು ಮಾಲಮ್ಮ ಒಬ್ಬಳೇ, ಅವಳ ವರ್ಗಾವಣೆ ಹಾಗೆ ಆಯಿತು.

6. ನುಡಿಮುತ್ತು ಚಿಕ್ಕದಿದ್ದ ದಿನ ಮಾಸ್ತರರು ಬೇಗ ತಿರುಗುತ್ತಾರೆ. "ತಾಳಿದವನು ಬಾಳಿಯಾನು" ಬರೆದ ದಿನ ನನ್ನ ಮಗಳು ಹಾಜರು. ಉದ್ದದ್ದು ಬರೆದ ದಿನ ಗೈರು. ಅಂಗವಿಕಲರ ದಿನಾಚರಣೆಯಂದು "ವಿಶೇಷ ಚೇತನ ಮಕ್ಕಳಿಗೆ ಅನುಕಂಪ ಬೇಡ, ಅವಕಾಶ ಕೊಡೋಣ, ಅವರೂ ನಮ್ಮವರೇ ಎಂದು ಅರಿಯೋಣ" ಎಂದು ದುಂಡಗೆ ಬರೆದರು. ಅವಳು ಗೈರಾದಳು.

7. ಇದನ್ನು ಮಾಸ್ತರರಿಗೇ ಹೇಳಿದೆ. "ಸರ, ಕೂಗೂ ಮುಂದ ಒಂದೀಟು ಮಾರಿ ಈ ಕಡಿ ಮಾಡ್ರಿ."

"ಅದಕ್ಕ ನಮಗ ತರಬೇತಿ ಆಗಿಲ್ಲಮ್ಮ" ಎಂದರು. ನನ್ನ ಕಡೆ ತಿರುಗಿಯೇ ಹೇಳಿದರು.

ಮೇಲ್ಕಂಡ ಕಾರಣಗಳಿಂದ, ಸೋಮವಾರದ ಒಳಗಾಗಿ:

ಅ) ಹಾಜರಿ ಕರೆಯುವಾಗ ಮಾಸ್ತರರ ಮುಖ ಮಕ್ಕಳ ಕಡೆ ಇರುವಂತೆ ಮಾಡಬೇಕು. ಕುತ್ತಿಗೆ ತಿರುಗಿಸಲು ಟೆಂಡರ್ ಕರೆಯಬೇಕಾಗಿಲ್ಲ, ಸಿಮೆಂಟೂ ಬೇಡ.

ಆ) ಅದು ಆಗದಿದ್ದರೆ ನುಡಿಮುತ್ತು ಚಿಕ್ಕದು ಬರೆಸಬೇಕು. ಮಕ್ಕಳ ಬಗೆಗಿನ ನುಡಿಮುತ್ತಂತೂ ಬರೆಸಲೇಬಾರದು.

ಇ) ಅದೂ ಆಗದಿದ್ದರೆ ತಾವೇ ಎದ್ದು ತರಗತಿಯೊಳಗೆ ಹೋಗಿ ಅವಳ ಪರವಾಗಿ ಹಾಜರ್ ಎನ್ನಬೇಕು. ತಾವು ಕಲ್ಲು, ತಮಗೂ ಕಿವಿ ಇಲ್ಲ, ನಿಜ. ಆದರೆ ತಾವು ಶಾಲೆಯಲ್ಲಿ ಇದ್ದೀರೆಂದು ಎಲ್ಲರೂ ಒಪ್ಪುತ್ತಾರೆ. ಬಿಲ್ಲು ಆಗಿದೆ, ಫೋಟೋ ಹೋಗಿದೆ.

ಮನೆಯಲ್ಲಿ ಅವಳಿಗೆ ನಾನಿದ್ದೇನೆ, ಕಲಿಸುತ್ತಲೂ ಇದ್ದೇನೆ. ಮಾಲಮ್ಮ ಮಾತ್ರ ಮನೆಯಲ್ಲಿ ಇಲ್ಲ. ಅವಳಿರುವುದು ಶಾಲೆಯಲ್ಲಿ.

ತಮ್ಮ ವಿಶ್ವಾಸಿ, ಬೇರೆ ಯಾರ ಮೇಲೂ ವಿಶ್ವಾಸ ಉಳಿಯದ ಕಾರಣ,
ಆದಮ್ಮ

ಲಗತ್ತುಗಳು:
1. ಚಿಕ್ಕ ನುಡಿಮುತ್ತುಗಳು, ನಮ್ಮ ಅತ್ತೆ ಹೇಳಿದ್ದು. "ಉಂಡವ ಬಲ್ಲ" ಮುಂತಾದವು.
2. ಕೈಗನ್ನಡಿ. ಮಾಸ್ತರರು ಇದರಲ್ಲಿ ತಮ್ಮ ತುಟಿ ನೋಡಿಕೊಂಡು "ಬಾಲಮ್ಮ, ಮಾಲಮ್ಮ" ಎನ್ನಬೇಕು. ಆಮೇಲೆ ವಾಪಸ್ ಕೊಡಬೇಕು, ಮಗಳ ಜಡೆ ಇದರಲ್ಲೇ ಆಗುವುದು.
3. ಬಾಲಮ್ಮ. ಸೋಮವಾರ ಬೆಳಿಗ್ಗೆ ನಾನೇ ತಂದು ಒಪ್ಪಿಸುತ್ತೇನೆ. ಲಗತ್ತು ತಲುಪಿದೆ ಎಂದು ಒಂದು ಸಹಿ ಹಾಕಿ ಕೊಡಬೇಕಾಗಿ ವಿನಂತಿ.