ಮಾಮನ ಸೈಲೆನ್ಸರ್

ಎಲ್ಲರೂ ಬೆಳಿಗ್ಗೆ ಆಫೀಸಿಗೆ ಹೋಗಿ ಸಂಜೆ ಮನೆಗೆ ಬರುತ್ತಾರೆ. ನಮ್ಮ ಮಾಮ ಹೋಗುವುದೇ ಇಲ್ಲ, ಬರೀ ಬರುತ್ತಾರೆ! ಬೆಳಿಗ್ಗೆ ಹೋಗುವ ಕೆಲಸವನ್ನು ರಿಟೈರ್ ಆದ ದಿನವೇ ಬಿಟ್ಟರು. ಸಂಜೆ ಬರುವುದನ್ನು ಮಾತ್ರ ಬಿಟ್ಟಿಲ್ಲ.

ಸುಳ್ಳು ಅನಿಸಿದರೆ ನಾವಿರುವ ಈ ಪರದೇಶದ ಯಿಶುನ್‌ನಲ್ಲಿ ಅವರ ಬ್ಲಾಕಿನ ಯಾರನ್ನಾದರೂ ಕೇಳಿ. ದಿನವಿಡೀ ಬನಿಯನ್-ಲುಂಗಿಯಲ್ಲಿ ಸೋಫಾದ ಮೇಲೆ ಬಿದ್ದಿರುವ ಮನುಷ್ಯ ಸಂಜೆಯಾಗುತ್ತಿದ್ದಂತೆ ಎದ್ದು, ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಫುಲ್ ಶರ್ಟು, ಕಪ್ಪು ಶೂ ಹಾಕಿ, ಖಾಲಿ ಟಿಫಿನ್ ಬಾಕ್ಸಿನ ಬ್ಯಾಗು ಹೆಗಲಿಗೇರಿಸಿ, ಕಳ್ಳನ ಹಾಗೆ ಹೊರಗೆ ಜಾರುತ್ತಾರೆ. ಮೊನ್ನೆ ಮೊನ್ನೆಯವರೆಗೂ ಎದುರಿನ ಮಲ್ಟಿಸ್ಟೋರಿ ಕಾರ್ ಪಾರ್ಕಿಗೆ ಹೋಗಿ, ಆಕ್ಸಿಲರೇಟರ್ ಮೇಲೆ ಹೂವಿನಂತೆ ಕಾಲಿಟ್ಟು ಕಾರು ಹೊರಗೆ ತರುತ್ತಿದ್ದರು. ಒಂದು ಸುತ್ತು ಹೊಡೆದು, ಇಡೀ ಬ್ಲಾಕು ಬೆಚ್ಚಿಬೀಳುವ ಹಾಗೆ ಗುಡುಗುತ್ತಾ ವಾಪಸ್ ಬರುತ್ತಿದ್ದರು. ಮೂರನೇ ಮಹಡಿಯ ಮನೆ, ಮೂರನೇ ಮಹಡಿಯ ಪಾರ್ಕಿಂಗ್. ಅಡುಗೆಮನೆಯ ಕಿಟಕಿಗೂ ಅವರ ಕಾರಿಗೂ ನೇರ ದೃಷ್ಟಿ.

“ಏನಿದು ಮಾಮಾ ದಿನಾ?” ಅಂತ ನಾನು ಕೇಳಿದ್ದೆ.

“ಬ್ಯಾಟರಿ ಡೌನ್ ಆಗ್ತೈತೆವಾ.”

ಯಾರ ಬ್ಯಾಟರಿ ಅಂತ ನಾನು ಕೇಳಲಿಲ್ಲ.

ಇನ್ನು ಆ ಕಾರು! ಹುಟ್ಟಿದಾಗ ಅದೂ ಒಳ್ಳೆಯ ಮನೆತನದ್ದೇ. ಸೊಪ್ಪು ತರಕಾರಿ ತರಲೆಂದು ಜಪಾನಿನವರು ಮಾಡಿದ ಪುಟ್ಟ ಕೆಂಪು ಕಾರು, ಪಾಪ, ಮಾಮನ ಕೈಗೆ ಸಿಕ್ಕಿತು. ಅದನ್ನು ನೆಲಕ್ಕೆ ತಾಗುವಷ್ಟು ಇಳಿಸಿದರು. ಒಮ್ಮೆ ಅದರಲ್ಲಿ ಕೂತ ನಮ್ಮಮ್ಮನನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ಹಿಂದೆ ಇಡ್ಲಿ ಪಾತ್ರೆಯ ದಪ್ಪದ ಸೈಲೆನ್ಸರ್. ಸೈಲೆನ್ಸರ್ ಇರುವುದು ಸದ್ದು ಅಡಗಿಸಲು ಅಂತ ಲೋಕಕ್ಕೆಲ್ಲ ಗೊತ್ತು. ಮಾಮ ಹಾಕಿಸಿದ್ದು ಸದ್ದನ್ನು ಸಾಕಿ ಬೆಳೆಸುವಂಥದ್ದು! ಅದು ದೂರದಲ್ಲಿ ‘ಡುಗು ಡುಗು’ ಅನ್ನುತ್ತಿತ್ತು, ರ‍್ಯಾಂಪ್ ಹತ್ತುವಾಗ ‘ಡುರ್ರ್ರ್’ ಅಂತ ಏರುತ್ತಿತ್ತು, ಆಫ್ ಮಾಡಿದ ಮೇಲೂ ಒಮ್ಮೆ ‘ಢಬ್’ ಅಂದು ಸುಮ್ಮನಾಗುತ್ತಿತ್ತು.

ಆಯುಧಪೂಜೆಯ ದಿನ ಕಾರ್ ಪಾರ್ಕಿನಲ್ಲೇ ಚಕ್ರದಡಿ ನಿಂಬೆಹಣ್ಣಿಟ್ಟು, ಬಾನೆಟ್ ಮೇಲೆ ಮೂರು ಬೆರಳಿನಿಂದ ಅಡ್ಡಕ್ಕೆ ವಿಭೂತಿ ಎಳೆದರು. ಪಕ್ಕದಲ್ಲಿ ತನ್ನ ಕಾರು ಒರೆಸುತ್ತಿದ್ದ ಒಬ್ಬ ಚೀನಿ ಯುವಕ ಬಂದು ಭಕ್ತಿಯಿಂದ ನೋಡಿದ.

“ಅಂಕಲ್, ದಿಸ್ ಒನ್ ವಾಟ್ ರೇಸಿಂಗ್ ಟೀಮ್ ಆ?”

“ಶಿವಾ ಟೀಮ್!” ಅಂದರು ಮಾಮ.

ರೇಸಿನ ಹುಚ್ಚಿನವರ ಕಾರಿಗೆಲ್ಲ ಉದ್ದುದ್ದ ಪಟ್ಟೆ ಇದ್ದರೆ ಮಾಮ ಅಡ್ಡಡ್ಡ ಮೂರು ಪಟ್ಟೆಯನ್ನು ಬಿಳಿ ಪೇಂಟಿನಲ್ಲೇ ಖಾಯಂ ಮಾಡಿಸಿದರು. ತಿಂಗಳೊಳಗೆ ಆ ಯುವಕನ ಕಾರಿನ ಮೇಲೂ ಮೂರು ಅಡ್ಡ ಪಟ್ಟೆ ಬಂತು. ಪರಶಿವನಿಗೆ ಯಿಶುನ್‌ನಲ್ಲಿ ಹೊಸ ಒಕ್ಕಲು ಸಿಕ್ಕಿದ್ದು ಹೀಗೆ.

ಈ ಹುಚ್ಚು ಇಲ್ಲಿ ಹಿಡಿದದ್ದಲ್ಲ, ಹುಬ್ಬಳ್ಳಿಯಿಂದ ತಂದದ್ದು. ಮಾಮ ಅಲ್ಲಿ ಒಂದು ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದ್ದಾಗ ರದ್ದಿ ಅಂಗಡಿಯಲ್ಲಿ ರಟ್ಟಿಲ್ಲದ ಅಮೆರಿಕದ ಪತ್ರಿಕೆಯೊಂದು ಸಿಕ್ಕಿತಂತೆ. ಅಲ್ಲಿನ ಯಾವುದೋ ಕಾರ್ಖಾನೆ ಊರಿನ ಹುಡುಗರು ಶಿಫ್ಟ್ ಮುಗಿಸಿ ಬಂದು, ಹಳೇ ಕಾರುಗಳ ಮಡ್‌ಗಾರ್ಡ್ ಕಿತ್ತೆಸೆದು, ದೊಡ್ಡ ಎಂಜಿನ್ ಕೂರಿಸಿ, ಹಾಟ್‌ರಾಡ್ ಅಂತ ಹೆಸರಿಟ್ಟು ಓಡಿಸುತ್ತಿದ್ದರಂತೆ. ಅವರಿಗೇನು, ಅಮೆರಿಕ, ರಸ್ತೆ ಅಗಲ! ಇವರು ಸತ್ತುಹೋಗಿದ್ದ ಒಂದು ಕಾರಿಗೆ ಗುಜರಿಯ ಎಂಜಿನ್ ಹಾಕಿದರು. ಬಾನೆಟ್ ಮುಚ್ಚಲಿಲ್ಲ, ಹಾಗೇ ಬಿಟ್ಟರು. ಸೈಲೆನ್ಸರ್ ಉದುರಿಹೋಯಿತು, ಅದನ್ನೂ ಹಾಗೇ ಬಿಟ್ಟರು.

ಆ ಕಾರಿನಲ್ಲೇ ಹೆಣ್ಣು ನೋಡಲು ಗದಗಿಗೆ ಹೋದರು. ಇವರು ಬಸ್‌ಸ್ಟ್ಯಾಂಡಿನ ಹತ್ತಿರ ಇರುವಾಗಲೇ ಹುಡುಗಿ ಮನೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದರಂತೆ. ಇಳಿದಾಗ ಮಾಮನ ಮುಖ ಮಸಿ. ಅವರು ಹೋದ ಮೇಲೆ ಹುಡುಗಿಯನ್ನು ಕೇಳಿದರು, ಹುಡುಗ ಹೇಗಿದ್ದಾನೆ ಅಂತ.

“ಮಾರಿ ಸರಿಯಾಗಿ ಕಾಣಲಿಲ್ಲ. ಆದ್ರ ಮನಿಗೆ ಬರೂದು ದೂರದಿಂದನ ಗೊತ್ತಾಗ್ತೈತಿ. ನನಗ ಅಷ್ಟ ಸಾಕು” ಅಂದಳಂತೆ.

ಆ ಹುಡುಗಿಯ ಅಪ್ಪ ಲಾರಿ ಡ್ರೈವರು. ಇವತ್ತು ಬರುತ್ತಾರೋ ಮುಂದಿನ ವಾರವೋ ಅಂತ ಬಾಗಿಲು ನೋಡುತ್ತಲೇ ಬೆಳೆದವಳು ನಮ್ಮತ್ತೆ. ಆಮೇಲೆ ಮಾಮನಿಗೆ ಇಲ್ಲಿನ ಹಡಗು ಕಟ್ಟುವ ಯಾರ್ಡಿನಲ್ಲಿ ಕೆಲಸ ಸಿಕ್ಕಿತು, ಇಬ್ಬರೂ ಯಿಶುನ್‌ಗೆ ಬಂದರು. ಮಕ್ಕಳಾಗಲಿಲ್ಲ. ಕಾರು ಕೊಳ್ಳಲು ಬಹಳ ವರ್ಷ ಹಿಡಿಯಿತು. ಕೊಂಡ ಮೇಲೆ ಸುಮ್ಮನಿರಬೇಕಲ್ಲ?

ಪಕ್ಕದ ಮನೆಯ ಚೀನಿ ಆಂಟಿ ವಾರಕ್ಕೊಮ್ಮೆ ಬಾಗಿಲು ಬಡಿದು ಬೈಯುತ್ತಿದ್ದರು. “ಅಂಕಲ್, ಯುವರ್ ಕಾರ್ ಟೂ ನಾಯ್ಸಿ ಲಾ! ಮೈ ಹಾರ್ಟ್ ಕ್ಯಾನಾಟ್ ಟೇಕ್!” ಅತ್ತೆ ಒಂದು ತಟ್ಟೆ ಶಂಕರಪೋಳಿ ಕೊಟ್ಟು ಸಮಾಧಾನ ಮಾಡುತ್ತಿದ್ದರು. ಕೊನೆಕೊನೆಗೆ ಆಂಟಿ ಬೈಯಲು ಬರುತ್ತಿದ್ದರೋ ಶಂಕರಪೋಳಿಗೆ ಬರುತ್ತಿದ್ದರೋ ಹೇಳುವುದು ಕಷ್ಟ.

ಸರ್ಕಾರವೇನು ಸುಮ್ಮನಿರುತ್ತದಾ? ಕಾರನ್ನು ಇನ್ಸ್‌ಪೆಕ್ಷನ್‌ಗೆ ಒಯ್ಯಬೇಕು, ಅಲ್ಲಿ ಈ ಸದ್ದೆಲ್ಲ ನಡೆಯುವುದಿಲ್ಲ. ಅದಕ್ಕೆ ಮಾಮ ಹಿಂದಿನ ದಿನ ವರ್ಕ್‌ಶಾಪಿಗೆ ಹೋಗಿ ಗುಡುಗುವ ಸೈಲೆನ್ಸರ್ ಬಿಚ್ಚಿಸಿ, ಕಂಪನಿಯ ಒರಿಜಿನಲ್ ಹಾಕಿಸುತ್ತಿದ್ದರು. ಕಾರು ಪಾಸಾಗುತ್ತಿತ್ತು. ಅಲ್ಲಿಂದ ನೇರ ವರ್ಕ್‌ಶಾಪು, ಮತ್ತೆ ಇಡ್ಲಿ ಪಾತ್ರೆ. ಇಷ್ಟು ಕಷ್ಟಪಟ್ಟು ಕಾನೂನು ಪಾಲಿಸುವವರನ್ನೂ, ಇಷ್ಟು ಕಷ್ಟಪಟ್ಟು ಮುರಿಯುವವರನ್ನೂ ನಾನು ಬೇರೆ ಕಂಡಿಲ್ಲ.

ನಗುವ ಭಾಗ ಹೆಚ್ಚೂ ಕಡಿಮೆ ಇಲ್ಲಿಗೆ ಮುಗಿಯಿತು ಅನ್ನಬೇಕು. ಅತ್ತೆಗೆ ಮರೆವು ಶುರುವಾಯಿತು. ಮೊದಲು ಹಾಲು ಉಕ್ಕಿತು, ಆಮೇಲೆ ಲಿಫ್ಟಿನಲ್ಲಿ ಯಾವ ಮಹಡಿ ಒತ್ತಬೇಕೆಂಬುದು ಹೋಯಿತು, ಆಮೇಲೆ ಅವರ ನೆನಪಿನಿಂದ ನಾನೂ ಹೋದೆ. ಶನಿವಾರ ನನ್ನ ಮನೆಯಿರುವ ಬುಕಿತ್ ಪಂಜಾಂಗ್‌ನಿಂದ ಬಂದರೆ ಒಮ್ಮೆ ನರ್ಸ್ ಅನ್ನುತ್ತಾರೆ, ಒಮ್ಮೆ ಬ್ಯಾಂಕಿನವಳು ಅನ್ನುತ್ತಾರೆ. ಬ್ಯಾಂಕಿನವಳಾದ ದಿನ ಚಹಾ ಸಿಗುತ್ತದೆ, ನರ್ಸ್ ಆದ ದಿನ ಅದೂ ಇಲ್ಲ! ನನ್ನನ್ನು ಎತ್ತಿ ಆಡಿಸಿದ ಕೈ ಅದು. ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ಗೊತ್ತಾಗುವುದಿಲ್ಲ.

ಹಗಲೆಲ್ಲ ಹೇಗೋ ಇರುತ್ತಾರೆ. ಸಂಜೆಯಾದರೆ ಮಾತ್ರ ಸಂಕಟ. ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು, “ಇವರು ಇನ್ನೂ ಬರಲಿಲ್ಲ, ಇವರು ಇನ್ನೂ ಬರಲಿಲ್ಲ” ಅಂತ ಕೈ ಹಿಸುಕಿಕೊಳ್ಳುತ್ತಾರೆ. ಇವರು ಎಲ್ಲಿ? ಹಿಂದೆ ಸೋಫಾದ ಮೇಲೇ ಕೂತಿದ್ದಾರೆ! “ಇಲ್ಲೇ ಅದೇನಿ” ಅಂದರೆ ತಿರುಗಿ ನೋಡಿ, “ನೀವು ಉಂಡು ಹೋಗ್ರಿ, ಇವರು ಬರೂದು ತಡಾ ಆಗ್ತೈತಿ” ಅನ್ನುತ್ತಾರೆ. ತಾವು ಮಾತ್ರ ತುತ್ತು ಮುಟ್ಟುವುದಿಲ್ಲ. ಆದರೆ ಕಾರ್ ಪಾರ್ಕಿನಲ್ಲಿ ಆ ಡುಗು ಡುಗು ಕೇಳಿದರೆ ಸಾಕು, ಮುಖ ಅರಳಿಸಿಕೊಂಡು ಎದ್ದು ಗೇಟು ತೆಗೆದು ತಟ್ಟೆ ಹಾಕುತ್ತಾರೆ. ಶರ್ಟು, ಶೂ, ಟಿಫಿನ್ ಬ್ಯಾಗಿನ ಮಾಮ ಒಳಗೆ ಬಂದರೆ ಗಂಡ ಬಂದ ಹಾಗೆ. ಇಬ್ಬರೂ ಕೂತು ಊಟ ಮಾಡುತ್ತಾರೆ.

“ಸಂಜಿ ಆತಂದ್ರ ಆಕಿಗೆ ನಾ ಬರಬೇಕು” ಅಂದರು ಮಾಮ ಕೊನೆಗೆ. “ಸೋಫಾದ ಮ್ಯಾಲೆ ಕುಂತಿದ್ರ ಬಂದಂಗ ಆಗೂದಿಲ್ಲವಾ.”

ಆಮೇಲೆ ಬ್ಯಾಟರಿಯ ಮಾತು ನಾನೂ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ಮಾಮ ಸುತ್ತು ಹೊಡೆಯುವಷ್ಟು ಹೊತ್ತು ಪಕ್ಕದ ಆಂಟಿ ತಮ್ಮ ಬಾಗಿಲು ತೆರೆದಿಟ್ಟು ಅತ್ತೆಯ ಮೇಲೆ ಕಣ್ಣಿಡುತ್ತಿದ್ದರು.

ಕಳೆದ ಸಲದ ಇನ್ಸ್‌ಪೆಕ್ಷನ್ ದಿನ ನಾನೂ ಮಾಮನ ಜೊತೆ ಹೋಗಿದ್ದೆ. ಕಾರು ಪಾಸಾಯಿತು. ವರ್ಕ್‌ಶಾಪಿನಲ್ಲಿ ಕೆಲಸ ಜಾಸ್ತಿ ಇದೆ, ನಾಳೆ ತನ್ನಿ ಅಂದರು. ಒಂದು ದಿನ ತಾನೇ ಅಂತ ಒರಿಜಿನಲ್ ಸೈಲೆನ್ಸರಿನಲ್ಲೇ ಮನೆಗೆ ಬಂದೆವು. ಆ ಕಾರಿನಲ್ಲಿ ಹಾಡು ಕೇಳಿಸಿದ್ದು ನನಗೆ ಅದೇ ಮೊದಲು!

ಗ್ರಿಲ್ ಗೇಟಿಗೆ ಒಳಗಿಂದ ಚಿಲಕ. ಅತ್ತೆ ಒಳಗೆ ನಿಂತು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

“ಯಾರು ಬೇಕಾಗಿತ್ರಿ?”

“ನಾನ ಅದೇನಿ. ತಗೀ” ಅಂದರು ಮಾಮ.

“ನಮ್ಮ ಮನಿಯವರು ಇನ್ನೂ ಬಂದಿಲ್ರಿ. ಅವರು ಬಂದ ಮ್ಯಾಲೆ ಬರ್ರಿ.” ಆಮೇಲೆ ನನ್ನ ಕಡೆ ನೋಡಿ, “ಮಗಳೇನ್ರಿ? ಪಾಪ, ದಣದಾಳ” ಅಂದರು. ಗೇಟು ಮಾತ್ರ ತೆಗೆಯಲಿಲ್ಲ.

ಮಾಮ ಹೆಸರು ಹೇಳಿದರು, ಗದಗಿನ ಮನೆ ಹೇಳಿದರು, ಉಪ್ಪಿಟ್ಟು ಹೇಳಿದರು. ಅತ್ತೆ ಪರಪುರುಷನ ಮುಂದೆ ನಿಂತ ಹಾಗೆ ಸೆರಗು ಹೊದ್ದುಕೊಂಡರು. ನಮ್ಮ ಗದ್ದಲಕ್ಕೆ ಆಂಟಿ ಹೊರಗೆ ಬಂದರು.

“ಅಂಕಲ್! ಟುಡೇ ಯುವರ್ ಕಾರ್ ನೋ ಸೌಂಡ್! ಹೌ ಶೀ ನೋ ಈಸ್ ಯೂ? ಗೋ, ಗೋ, ಮೇಕ್ ನಾಯ್ಸ್!”

ಸದ್ದಿಗೆ ಬೈಯುತ್ತಿದ್ದ ಅದೇ ಆಂಟಿ! ಅವರು ಗೇಟಿನ ಹತ್ತಿರ ಸ್ಟೂಲು ಹಾಕಿ ಅತ್ತೆಯ ಜೊತೆ ಮಾತಿಗೆ ಕೂತರು. ಒಬ್ಬರಿಗೆ ಕನ್ನಡ ಬರುವುದಿಲ್ಲ, ಇನ್ನೊಬ್ಬರಿಗೆ ಇಂಗ್ಲಿಷ್ ಮರೆತುಹೋಗಿದೆ. ನಾವು ವರ್ಕ್‌ಶಾಪಿಗೆ ಓಡಿ, ಕೈಕಾಲು ಹಿಡಿದು, ಇಡ್ಲಿ ಪಾತ್ರೆ ಹಾಕಿಸಿಕೊಂಡು, ರ‍್ಯಾಂಪು ನಡುಗಿಸುತ್ತಾ ವಾಪಸ್ ಬಂದೆವು. ಗೇಟು ಆಗಲೇ ತೆರೆದಿತ್ತು.

“ಈಗ ಬಂದ್ರೇನು?” ಅಂದರು ಅತ್ತೆ. “ಯಾರೋ ಮುದುಕ ಬಂದಿದ್ನರಿ. ನೀವಿಲ್ಲ ಅಂತ ಹೇಳಿ ಕಳಿಸಿದೆ.”

“ಚಲೋ ಮಾಡಿದಿ” ಅಂದರು ಮಾಮ. ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು.

ಇಲ್ಲಿ ಕಾರಿಗೂ ಆಯುಷ್ಯ ಬರೆದಿರುತ್ತದೆ. ಬರೆಯುವವನು ಬ್ರಹ್ಮನಲ್ಲ, ಸರ್ಕಾರ. ಹತ್ತು ವರ್ಷ, ದುಡ್ಡು ಕಟ್ಟಿದರೆ ಇನ್ನೈದು, ಅದಾದ ಮೇಲೆ ಮಾಮನ ಕಾರಿಗೆ ಸ್ಕ್ರ್ಯಾಪ್ ಯಾರ್ಡೇ ಗತಿ. ಎಂಜಿನ್ ಗಟ್ಟಿಯಾಗಿದೆ ಅಂತ ಅತ್ತರೂ ಕೇಳುವವರಿಲ್ಲ. ಅತ್ತೆಯ ಮೈಯೂ ಗಟ್ಟಿಯಾಗಿದೆ ಅಂತ ಡಾಕ್ಟರು ಹೇಳುತ್ತಲೇ ಇರುತ್ತಾರೆ. ಬೇರೆ ಕಾರು ಕೊಳ್ಳುವ ಮಾತು, ಕಾರು ಬಂಗಾರದಷ್ಟು ತುಟ್ಟಿಯಾದ ಈ ಊರಲ್ಲಿ, ರಿಟೈರ್ ಆದವರು ಆಡುವಂಥದ್ದಲ್ಲ.

ಕೊನೆಯ ದಿನ ಮಾಮ ಬಾನೆಟ್ಟಿನ ಮೂರು ಪಟ್ಟೆಯ ಮೇಲೆ ನಿಜವಾದ ವಿಭೂತಿ ಹಚ್ಚಿದರು. ಯಾರ್ಡಿನವನು ಬೀಗದ ಕೈ ಇಸಿದುಕೊಂಡು ಒಂದು ಕುರ್ಚಿ ತೋರಿಸಿದ. ಮಾಮ ಕೂರಲಿಲ್ಲ. ನಾವು ಬಸ್ಸಿನಲ್ಲಿ ಮನೆಗೆ ಬಂದೆವು. ಬಸ್ಸು ಎಷ್ಟು ಸದ್ದಿಲ್ಲದೆ ಓಡುತ್ತದೆ ಅಂತ ಮಾಮ ಬೇಜಾರು ಮಾಡಿಕೊಂಡರು.

ನಾನೇನು ದಡ್ಡಿಯಾ? ಕಾರಿನ ಸದ್ದನ್ನು ಮೊದಲೇ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ಬ್ಲೂಟೂತ್ ಸ್ಪೀಕರ್ ತಂದು, ಕಾರಿಡಾರಿನಲ್ಲಿಟ್ಟು, ಫುಲ್ ವಾಲ್ಯೂಮಿನಲ್ಲಿ ಹಾಕಿದೆ.

“ಟಿವಿ ಸಣ್ಣಗ ಮಾಡ್ರಿ” ಅಂದರು ಅತ್ತೆ ಒಳಗಿಂದ.

ಅವತ್ತು ಅವರು ಊಟ ಮಾಡಲಿಲ್ಲ. ಮರುದಿನವೂ ಬಾಗಿಲಲ್ಲೇ ಕೂತಿದ್ದರಂತೆ. ಮಾಮ ಫೋನಿನಲ್ಲಿ, “ನಾ ಮನ್ಯಾಗ ಇದ್ದೂ ಆಕಿ ವಿಧವಿ ಆದಂಗ ಆಗೈತೆವಾ” ಅಂದರು.

ಶನಿವಾರ ಸಂಜೆ ಹೋದೆ. ಲಿಫ್ಟಿನಿಂದ ಹೊರಗೆ ಬಂದರೆ ಕಾರಿಡಾರಿನ ತುದಿಯಲ್ಲಿ ಮಾಮ ನನಗೆ ಬೆನ್ನು ಹಾಕಿ ನಿಂತಿದ್ದಾರೆ. ಇಸ್ತ್ರಿ ಶರ್ಟು, ಶೂ, ಹೆಗಲಲ್ಲಿ ಬ್ಯಾಗು. ಪಕ್ಕದ ಆಂಟಿ ತಮ್ಮ ಬಾಗಿಲಲ್ಲಿ ನಿಂತವರು ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. ಮಾಮ ಕೆನ್ನೆ ಉಬ್ಬಿಸಿ ಉಸಿರು ಎಳೆದುಕೊಂಡರು.

“ಡುಗು ಡುಗು ಡುಗು ಡುಗು...”

ನಿಧಾನಕ್ಕೆ ಹೆಜ್ಜೆ ಹಾಕುತ್ತಾ ಬಂದರು. ರ‍್ಯಾಂಪ್ ಬರುವ ಜಾಗದಲ್ಲಿ ಬಲಗೈ ಗಾಳಿಯಲ್ಲಿ ಗೇರ್ ಹಾಕಿತು, “ಡುರ್ರ್ರ್ರ್” ಅಂತ ಏರಿಸಿದರು. ಬಾಯಿಂದ ಉಗುಳು ಹಾರುತ್ತಿತ್ತು. ಎಪ್ಪತ್ತು ದಾಟಿದ ಮನುಷ್ಯ! ಕೆಳಗೆ ಹೋಗುತ್ತಿದ್ದವರು ತಲೆಯೆತ್ತಿ ನೋಡಿದರು. ಏರಿಸುತ್ತಾ ಏರಿಸುತ್ತಾ ಮಾಮನಿಗೆ ಕೆಮ್ಮು ಬಂತು. ಗೋಡೆ ಹಿಡಿದು ಕೆಮ್ಮಿದರು, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದರು. ಮುಗಿದ ಮೇಲೆ, ಮರೆಯದೆ, ಮೆಲ್ಲಗೆ “ಢಬ್” ಅಂದರು.

ಒಳಗೆ ಚಿಲಕ ಸರಿದ ಸದ್ದಾಯಿತು. ಗೇಟು ತೆಗೆದು ಅತ್ತೆ ನಿಂತಿದ್ದರು, ಮುಖವೆಲ್ಲ ನಗು.

“ಬಂದ್ರೇನು? ಗಾಡಿ ಯಾಕೋ ಇವತ್ತ ಭಾಳ ಕೆಮ್ಮಾಕತ್ತಿತ್ತಲ್ರೀ.”

“ಹಳೇದಾತು” ಅಂದರು ಮಾಮ, ಇನ್ನೂ ಏದುಸಿರು ಬಿಡುತ್ತಾ. “ಮಾರಿಬಿಡ್ಲೇನು?”

ಅತ್ತೆ ಅವರ ಹೆಗಲಿನಿಂದ ಬ್ಯಾಗು ಇಳಿಸಿಕೊಂಡರು.

“ಬ್ಯಾಡ್ರಿ, ಇರ್ಲಿ. ನೀವು ಬಂದದ್ದು ನನಗ ಹೆಂಗ ಗೊತ್ತಾಗಬೇಕು?”